ಹಿರಿಯರು ಕೂತ ಪರದೆ

ನಮ್ಮ ಒಟ್ಟರ್‌ಡೈಕ್ ಊರಿನಲ್ಲಿ ಯಾವ ವಸ್ತುವೂ ಸುಮ್ಮನೆ ಒಡೆಯುವುದಿಲ್ಲ. ಬಟ್ಟಲು ಕೈಜಾರಿದರೆ ಅದಕ್ಕೊಂದು ಅರ್ಥವಿರುತ್ತದೆ. ಸೈಕಲ್ಲಿನ ಗಾಳಿ ಹೋದರೆ ಅದೊಂದು ಎಚ್ಚರಿಕೆ. ಚರ್ಚಿನ ಗೋಪುರದ ತಗಡಿನ ಹುಂಜ ಗಾಳಿಗೆ ಮುಖ ತಿರುಗಿಸಿದರೂ ಕಾಲುವೆಯ ಏರಿಯ ಮೇಲೆ ಹೋಗುತ್ತಿರುವ ಮುದುಕರು ತಲೆಯೆತ್ತಿ ನೋಡಿ, ‘ಅದೂ ಆತನ ಚಿತ್ತ’ ಎಂದು ಟೋಪಿ ಸರಿಮಾಡಿಕೊಂಡೇ ಮುಂದೆ ಹೆಜ್ಜೆಯಿಡುತ್ತಾರೆ. ಹೀಗಿರುವಾಗ ತೂನಿಸ್ ಕೊರೆವಾರನ ಲ್ಯಾಪ್‌ಟಾಪಿನ ಪರದೆ ಒಡೆದದ್ದನ್ನು ಬರೀ ಗಾಜಿನ ವಿಷಯವೆಂದು ಯಾರು ತಾನೆ ತಿಳಿದಾರು? ನಾನು ಅವನ ಪಕ್ಕದ ಮನೆಯವನು. ಒಡೆದಾಗ ಆ ಕೋಣೆಯಲ್ಲೇ ಇದ್ದೆ, ಸದ್ದು ಕೇಳಿದ್ದೇನೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳುವ ಭಾರ ನನ್ನ ಮೇಲೆ ಬಿದ್ದಿದೆ.

ತೂನಿಸ್ ಜಲಮಂಡಳಿಯ ನೌಕರ. ಕಾಲುವೆಯಲ್ಲಿ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ನೋಡಿ ಕಚೇರಿಗೆ ಕಳಿಸುವುದು ಅವನ ಕೆಲಸ. ನಮ್ಮ ಚರ್ಚಿನ ಸಭೆಗೆ ಸೇರಿದ ಯಾರ ಮನೆಯಲ್ಲೂ ಟಿವಿ ಇಲ್ಲ, ಇರಬಾರದು. ಲ್ಯಾಪ್‌ಟಾಪ್ ಇರಬಹುದು, ಕೆಲಸಕ್ಕಾದರೆ. ಈ ‘ಕೆಲಸ’ ಎನ್ನುವ ಮಾತು ಯಾರ ಮನೆಯಲ್ಲಿ ಎಷ್ಟು ಅಗಲವಾಗಿದೆ ಎಂಬುದನ್ನು ಸಭೆಯ ಹಿರಿಯರು ವರ್ಷಕ್ಕೊಮ್ಮೆ ಮನೆಭೇಟಿಗೆ ಬಂದಾಗ ಕಾಫಿ ಕುಡಿಯುತ್ತಾ ಅಳೆದು ನೋಡುತ್ತಾರೆ.

ಸ್ವಭಾವದಲ್ಲಿ ತೂನಿಸನಷ್ಟು ನಿಧಾನದವನು ಸುತ್ತಲ ಊರುಗಳಲ್ಲಿಲ್ಲ. ನಮ್ಮ ಚರ್ಚಿನಲ್ಲಿ ಕೀರ್ತನೆ ಹಾಡುವುದೇ ನಿಧಾನ. ಒಂದಕ್ಷರಕ್ಕೆ ಒಂದು ಪೂರ್ತಿ ಉಸಿರು. ಬೇರೆ ಊರಿನವರು ಚರಣ ಮುಗಿಸಿ ಕೂರುವಷ್ಟರಲ್ಲಿ ನಮ್ಮದು ಒಂದು ಸಾಲು ಆಗಿರುತ್ತದೆ. ತೂನಿಸ್ ನಮಗಿಂತಲೂ ಹಿಂದೆ. ಆರ್ಗನ್ ನಿಂತು, ಸಭೆ ನಿಂತು, ಎಲ್ಲರೂ ಬಾಯಿಗೆ ಪುದೀನ ಮಿಠಾಯಿ ಹಾಕಿಕೊಳ್ಳುವ ಹೊತ್ತಿಗೆ ಅವನ ಕೊನೆಯ ಅಕ್ಷರ ಒಂಟಿಯಾಗಿ ಮೇಲೇರುತ್ತಿತ್ತು. ಆಗ ಪಕ್ಕದಲ್ಲಿ ಕೂತ ಅವನ ಹೆಂಡತಿ ನೇಲ್ಚೆ ಮೊಣಕೈಯಿಂದ ಮೆಲ್ಲಗೆ ಒಮ್ಮೆ ತಿವಿಯುವಳು, ಅಕ್ಷರ ನಿಲ್ಲುವುದು. ನೇಲ್ಚೆ ಹೋದ ಮೇಲೆ ತಿವಿಯುವವರಿಲ್ಲ. ಈಗ ಆ ಅಕ್ಷರ ತಾನಾಗಿ ಸುಸ್ತಾಗುವ ತನಕ ನಾವೆಲ್ಲ ತಲೆತಗ್ಗಿಸಿ ಕಾಯುತ್ತೇವೆ.

ಇಂಥವನಿಗೆ ವೇಗದ ಹುಚ್ಚು ಹಿಡಿದದ್ದು ಖೋರ್ಕುಮ್ ಪೇಟೆಯ ಒಂದು ಅಂಗಡಿಯಲ್ಲಿ. ಹೋದದ್ದು ಕಸ ಹೀರುವ ಯಂತ್ರಕ್ಕೆ ಚೀಲ ತರಲು. ಅಲ್ಲಿ ಎರಡು ಪರದೆಗಳನ್ನು ಅಕ್ಕಪಕ್ಕ ನಿಲ್ಲಿಸಿ, ಎರಡರಲ್ಲೂ ಒಂದೇ ಕುದುರೆಯನ್ನು ಓಡಿಸುತ್ತಿದ್ದರಂತೆ. ಎಡಗಡೆಯ ಕುದುರೆ ತಡೆತಡೆದು, ಜಗ್ಗಿ ಜಗ್ಗಿ ಓಡುತ್ತಿತ್ತು. ಬಲಗಡೆಯದು ಎಣ್ಣೆ ಹರಿದ ಹಾಗೆ. ಅಂಗಡಿಯವನು ಬಂದು, ಎಡಗಡೆಯದು ಸೆಕೆಂಡಿಗೆ ಅರವತ್ತು ಚಿತ್ರ, ಬಲಗಡೆಯದು ನೂರ ನಲವತ್ತನಾಲ್ಕು, ಅದರಲ್ಲಿ ಕಳೆದುಹೋಗೋದೆಲ್ಲ ಇದರಲ್ಲಿ ಕಾಣ್ಸುತ್ತೆ ಎಂದ. ತೂನಿಸ್ ಚೀಲ ಮರೆತು ಮನೆಗೆ ಬಂದ.

ಬಂದವನೇ ಬೇಲಿಯ ಹತ್ತಿರ ನನ್ನನ್ನು ಕರೆದ.

“ಆರಿ, ಒಂದು ಸೆಕೆಂಡಿಗೆ ಎಷ್ಟು ಚಿತ್ರ, ಗೊತ್ತೇನೋ?”

“ಯಾರಿಗೆ?” ಎಂದೆ.

“ಯಾರಿಗಾದ್ರೂ. ನನ್ನ ಪರದೇಲಿ ಅರವತ್ತು. ಹೊಸ ಥರದ್ದರಲ್ಲಿ ನೂರ ನಲವತ್ತನಾಲ್ಕು. ಹಾಗಾದ್ರೆ ನಡುವೆ ಇದ್ದ ಎಂಬತ್ತನಾಲ್ಕು ಎಲ್ಲಿ ಹೋಯ್ತು?”

“ಎಲ್ಲಿ ಹೋಯ್ತು?”

“ಎಲ್ಲೂ ಹೋಗಿಲ್ಲ ಮಾರಾಯ, ಒಳಗೇ ಇದೆ! ನನ್ನ ಪರದೆ ನಿಧಾನ. ತೋರ್ಸೋಕೆ ಅದಕ್ಕೆ ಪುರುಸೊತ್ತಿಲ್ಲ, ಬಿಟ್ಟುಬಿಡುತ್ತೆ. ಇಷ್ಟು ದಿನ ಅವಳನ್ನ ನಾನು ಅರ್ಧಂಬರ್ಧ ನೋಡ್ತಾ ಇದ್ದೆ.”

ಅವಳು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ನಮ್ಮ ಊರಿನಲ್ಲಿ ಮುಂಬದಿಯ ಕಿಟಕಿಗಳು ದೊಡ್ಡವು, ಪರದೆ ಎಳೆಯುವ ರೂಢಿಯಿಲ್ಲ. ಮುಚ್ಚಿಡುವುದೇನಿದೆ ಎಂದು ಎಲ್ಲರೂ ತೆರೆದೇ ಇಡುತ್ತೇವೆ. ಪ್ರತಿದಿನ ಊಟವಾದ ಮೇಲೆ, ಬೈಬಲ್ಲಿನ ವಾಕ್ಯ ಓದಿದ ಮೇಲೆ, ತೂನಿಸನ ಮುಖದ ಮೇಲೆ ಸ್ವಲ್ಪ ಹೊತ್ತು ನೀಲಿ ಬೆಳಕು ಬೀಳುವುದನ್ನು ನಾನು ನೋಡಿದ್ದೆ. ಅವನು ನೋಡುತ್ತಿದ್ದದ್ದು ಒಂದೇ ಒಂದು ಸಣ್ಣ ವಿಡಿಯೊ. ಕಾಲುವೆ ಕೊನೆಯ ಸಲ ಗಟ್ಟಿಯಾಗಿ ಹೆಪ್ಪುಗಟ್ಟಿದ ಚಳಿಗಾಲದಲ್ಲಿ, ಗಾಳಿಗಿರಣಿಯ ಬಳಿ, ಅವನೇ ಫೋನಿನಲ್ಲಿ ತೆಗೆದದ್ದು. ನೇಲ್ಚೆ ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ದೂರದಿಂದ ಜಾರುತ್ತಾ ಬರುತ್ತಾಳೆ. ಹತ್ತಿರ ಬಂದು, ದಾಟುವಾಗ ತಲೆ ತಿರುಗಿಸಿ ಅವನಿಗೆ ಏನೋ ಹೇಳುತ್ತಾಳೆ. ಗಾಳಿಯ ಸದ್ದು. ಅವಳ ಮುಖ ಕಲಸಿಹೋಗುತ್ತದೆ. ಆಮೇಲೆ ಕ್ಯಾಮೆರಾಕ್ಕೆ ಅಡ್ಡ ಬಂದ ತೂನಿಸನ ಹೆಬ್ಬೆರಳು. ಅಷ್ಟೆ. ಅವತ್ತು ಅವನು ‘ಏನಂದೆ?’ ಎಂದು ಕೂಗುವಷ್ಟರಲ್ಲಿ ಅವಳು ತಿರುವು ದಾಟಿದ್ದಳು. ವಾಪಸು ಬಂದಾಗ ಇಬ್ಬರೂ ಬಟಾಣಿ ಸೂಪ್ ಕುಡಿದರು, ಕೇಳುವುದು ಮರೆತುಹೋಯಿತು. ಅದಾದ ಮೇಲೆ ಕಾಲುವೆ ಹೆಪ್ಪುಗಟ್ಟಲಿಲ್ಲ. ನೇಲ್ಚೆಯೂ ಇರಲಿಲ್ಲ.

“ಆ ಎಂಬತ್ತನಾಲ್ಕರಲ್ಲಿ ಅವಳ ತುಟಿ ಇರುತ್ತೆ,” ಎಂದ ತೂನಿಸ್. “ಏನಂದ್ಲು ಅಂತ ತಿಳೀತದೆ. ಯಾರಿಗೂ ಹೇಳಬೇಡ. ಸತ್ತವರ ಚಿತ್ರದ ಮುಂದೆ ಕೂರ್ತಾನೆ ಅಂತ ಹಿರಿಯರ ಕಿವಿಗೆ ಬಿದ್ರೆ ಕಷ್ಟ.”

ನನಗೆ ಕುದುರೆಯ ವಿಷಯವೂ ತಿಳಿಯದು, ಪರದೆಯ ವಿಷಯವೂ ತಿಳಿಯದು. ಪಕ್ಕದ ಮನೆಯವನ ಧರ್ಮವೆಂದು, “ಇರಬಹುದು,” ಎಂದೆ.

ನಮ್ಮ ಹಳೆಯ ಶಾಲೆಯ ಹಜಾರದಲ್ಲಿ ಶನಿವಾರ ರಿಪೇರಿ ಕೆಫೆ ನಡೆಯುತ್ತದೆ. ಊರಿನವರು ಕೆಟ್ಟ ಟೋಸ್ಟರು, ನಿಂತ ಗಡಿಯಾರ, ಹರಿದ ಕೊಡೆ ಹಿಡಿದು ಬರುತ್ತಾರೆ, ಬಲ್ಲವರು ಪುಕ್ಕಟೆ ಸರಿಮಾಡಿಕೊಡುತ್ತಾರೆ, ಕಾಫಿ ಸಿಗುತ್ತದೆ. ವಿದ್ಯುತ್ತಿನ ಸಾಮಾನುಗಳ ಮೇಜು ಫ್ರೌಕ್ಯೆಯದು. ಉತ್ತರದ ಫ್ರೀಸ್‌ಲಾಂಡಿನಿಂದ ಬಂದವಳು, ಗಣಿತದ ಮೇಡಂ ಆಗಿ ನಿವೃತ್ತಿಯಾದವಳು. ಮೂರು ಪೀಳಿಗೆಗೆ ಭಾಗಾಕಾರ ಕಲಿಸಿದ ದನಿಯಲ್ಲೇ ಟೋಸ್ಟರುಗಳನ್ನೂ ಗದರುತ್ತಾಳೆ. ತೂನಿಸ್ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟ.

“ಏನಾಗಿದೆ ಇದಕ್ಕೆ?”

“ನಿಧಾನ, ಮೇಡಂ.”

“ನೀವೂ ನಿಧಾನ. ನಿಮ್ಮನ್ನ ರಿಪೇರಿ ಮಾಡೋಕಾಗುತ್ತಾ? ಏನು ಒಡೆದಿದೆ ಹೇಳಿ.”

“ಏನೂ ಒಡೆದಿಲ್ಲ. ಇದರ ಪರದೆ ತೆಗೆದು, ಆ ನೂರ ನಲವತ್ತನಾಲ್ಕರದ್ದು ಹಾಕಬೇಕು.”

ಫ್ರೌಕ್ಯೆ ಕನ್ನಡಕದ ಮೇಲಿಂದ ಅವನನ್ನು ನೋಡಿ, ಬೆರಳೆತ್ತಿ ಗೋಡೆ ತೋರಿಸಿದಳು. ಅಲ್ಲಿ ‘ಕೆಟ್ಟದ್ದನ್ನು ಮಾತ್ರ’ ಎಂದು ಬರೆದಿತ್ತು, ಅವಳದೇ ಅಕ್ಷರದಲ್ಲಿ.

“ಚೆನ್ನಾಗಿರೋದನ್ನ ಕಿತ್ತು ಬಿಸಾಕೋಕೆ ಈ ಮೇಜು ಹಾಕಿಲ್ಲ. ಈ ಮಾದರಿಗೆ ಎರಡೂ ಥರದ ಪರದೆ ಕೂರುತ್ತೆ, ನಿಜ. ಒಡೆದಿದ್ದಿದ್ರೆ ಯಾವುದು ಬೇಕೋ ಅದನ್ನ ತರಿಸಿ ಅಂತಿದ್ದೆ. ಒಡೆದಿಲ್ಲವಲ್ಲ!”

“ಒಡೆದ್ರೆ ಹಾಕ್ತೀರಾ?”

“ಒಡೆದ್ರೆ ಹಾಕದೆ ಏನು ಮಾಡ್ಲಿ? ಮುಂದಿನವರು ಬನ್ನಿ.”

ಮನೆಗೆ ಬರುವ ದಾರಿಯಲ್ಲಿ ತೂನಿಸ್ ಏರಿಯ ಮೇಲೆ ನಿಂತು, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಭದ್ರವಾಗಿ ಅಪ್ಪಿಕೊಂಡು ಹೇಳಿದ: “ಹಾಗಂತ ನಾನೇ ಒಡೆಯೋಕಾಗಲ್ಲ ಆರಿ. ಒಡೆದು, ‘ಒಡೀತು’ ಅಂದ್ರೆ ಅದು ಸುಳ್ಳು. ಅದು ಒಡೀಬೇಕು ಅಂತಿದ್ರೆ ಒಡೆಯುತ್ತೆ. ನಾನು ಅಡ್ಡ ಬರಬಾರದು, ಅಷ್ಟೇ.”

ಓದುಗರು ಇದನ್ನು ಕುಯುಕ್ತಿ ಎಂದಾರು. ಅಲ್ಲ. ಎಲ್ಲವೂ ಮೇಲಿನವನ ಕೈಯಲ್ಲಿದೆ ಎಂದು ತೊಟ್ಟಿಲಿನಿಂದ ಕೇಳಿ ಬೆಳೆದವನು ಇಷ್ಟು ಕಾನೂನುಬದ್ಧವಾಗಿ ಯೋಚಿಸುವುದು ಸಹಜವೇ. ಆವತ್ತಿನಿಂದ ತೂನಿಸ್ ತನ್ನ ಲ್ಯಾಪ್‌ಟಾಪಿಗೆ ಅಡ್ಡ ಬರುವುದನ್ನು ಬಿಟ್ಟ.

ಮೇಜಿನ ಅಂಚಿನಲ್ಲಿ ಅರ್ಧ ಹೊರಗೆ ಇಟ್ಟು ಅಡುಗೆಮನೆಗೆ ಹೋಗಿ ಕಣ್ಣು ಮುಚ್ಚಿ ಕೂತ. ಲ್ಯಾಪ್‌ಟಾಪ್ ಅಲುಗಲಿಲ್ಲ. ಸೈಕಲ್ಲಿನ ಹಿಂದೆ ಕಟ್ಟದೆ ಇಟ್ಟುಕೊಂಡು ಇಟ್ಟಿಗೆ ಹಾಸಿದ ರಸ್ತೆಯಲ್ಲಿ ಇಡೀ ಊರು ಸುತ್ತಿದ. ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳು ಓಡಿಬಂದು, “ಅಯ್ಯೋ, ಬಿದ್ದುಹೋಗುತ್ತಲ್ರೀ!” ಎಂದು ತನ್ನ ಚೀಲದ ಹಗ್ಗ ಬಿಚ್ಚಿ ಬಿಗಿಯಾಗಿ ಕಟ್ಟಿಕೊಟ್ಟಳು. ತೂನಿಸ್ ಕಣ್ಣಲ್ಲಿ ನೀರು ತಂದುಕೊಂಡು ಕೃತಜ್ಞತೆ ಹೇಳಬೇಕಾಯಿತು. ಕಸದ ಡಬ್ಬಿಯ ಮುಚ್ಚಳದ ಮೇಲೆ ಇಟ್ಟು ಕೆಲಸಕ್ಕೆ ಹೋದ. ನಾನೇ, ಯೋಚನೆಯಿಲ್ಲದೆ, ಮಳೆ ಬರುವಂತಿದೆಯೆಂದು ಒಳಗೆ ತಂದಿಟ್ಟೆ. ಸಂಜೆ ಕೊಟ್ಟಾಗ ಅವನು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಒಳ್ಳೆಯ ನೆರೆಹೊರೆ ಇರುವ ಊರಿನಲ್ಲಿ ಒಂದು ವಸ್ತು ಹಾಳಾಗುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು.

ಅಷ್ಟರಲ್ಲಿ ಮನೆಭೇಟಿಯ ದಿನ ಬಂತು.

ನೇಲ್ಚೆಯ ಅಕ್ಕ ಹಿಲ್ಲೆ ಬೆಳಿಗ್ಗೆಯೇ ಬಂದು ತಂಗಿಯ ಗಂಡನ ಮನೆಯನ್ನು ಉಜ್ಜತೊಡಗಿದಳು. ಹಿಲ್ಲೆ ಉಜ್ಜಿದರೆ ನೆಲದ ಮೇಲಿನ ಕೊಳೆಯಷ್ಟೇ ಅಲ್ಲ, ನೆಲದ ಮೇಲೆ ನಿಂತವರ ಆತ್ಮವಿಶ್ವಾಸವೂ ಹೋಗುತ್ತದೆ. ಒಳ್ಳೆಯ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಮಲಗಿದ್ದನ್ನು ಕಂಡಳು. ಅದನ್ನು ಅಲ್ಲಿಟ್ಟವನು ತೂನಿಸ್, ಎರಡು ದಿನದ ಹಿಂದೆ. ಏಕೆಂದು ಆಮೇಲೆ ತಿಳಿಯಿತು. “ಹಿರಿಯರು ಬರೋ ಹೊತ್ತಿಗೆ ಈ ಶನಿಯನ್ನ ಎದುರಿಗೇ ಇಟ್ಟಿದ್ದೀಯಲ್ಲೋ,” ಎಂದು ಗೊಣಗಿ, ಎತ್ತಿಡಲು ಕೈ ಒದ್ದೆಯಾದ್ದರಿಂದ ಮೇಲೊಂದು ಹೂವಿನ ದಿಂಬು ಹಾಕಿ ಮುಚ್ಚಿದಳು.

ಬಂದವರು ಬಾಸ್ತಿಯಾನ್ ಹಿರಿಯರು. ಎದುರು ಮನೆಯವರೇ. ಕಪ್ಪು ಸೂಟು, ಕಪ್ಪು ಟೋಪಿ, ಬಾಗಿಲಿಗಿಂತ ಬೆರಳಗಲ ಕಡಿಮೆ ಅಗಲದ ದೇಹ. ಜೊತೆಗೆ ಬರಬೇಕಿದ್ದ ಇನ್ನೊಬ್ಬ ಹಿರಿಯರಿಗೆ ಬೆನ್ನು ಹಿಡಿದಿದ್ದರಿಂದ ನನ್ನನ್ನು ಜೊತೆಗೆ ಕರೆದುಕೊಂಡಿದ್ದರು. ಅವರು ಕೋಣೆಯ ನಡುವೆ ನಿಂತು, ನೇಲ್ಚೆಯ ಖಾಲಿ ಜಾಗದ ಕಡೆ ಒಮ್ಮೆ ನೋಡಿ, ನಿಟ್ಟುಸಿರುಬಿಟ್ಟು, “ತೂನಿಸ್, ಈ ವರ್ಷ ನಿನ್ನ ಆತ್ಮ ಹೇಗಿದೆ?” ಎಂದು ಕೇಳುತ್ತಾ ಹೂವಿನ ದಿಂಬಿನ ಮೇಲೆ ಕೂತರು.

ಸದ್ದು ದೊಡ್ಡದೇನಲ್ಲ. ಹೊಸದಾಗಿ ಕಟ್ಟಿದ ಮಂಜುಗಡ್ಡೆಯ ಮೇಲೆ ಮೊದಲ ಹೆಜ್ಜೆಯಿಟ್ಟಾಗ ದೂರದವರೆಗೆ ಒಂದು ಗೆರೆ ಓಡುತ್ತದಲ್ಲ, ಅಂಥದ್ದು.

ಹಿರಿಯರು ಎದ್ದರು. ದಿಂಬು ಎತ್ತಿದರು. ಪರದೆಯ ತುಂಬ ಜೇಡರ ಬಲೆ. ಅವರ ಮುಖ ಕೆಂಪಾಗಿ, ಬೆಳ್ಳಗಾಗಿ, ಮತ್ತೆ ಕೆಂಪಾಯಿತು. ಹಿಲ್ಲೆ ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡಳು.

ತೂನಿಸ್ ಎರಡೂ ಕೈ ಮೇಲೆತ್ತಿದ. ಅವನ ಕಣ್ಣಿನಿಂದ ನೀರು ಇಳಿಯಿತು.

“ಸ್ತೋತ್ರ!” ಎಂದ. “ಹಿರಿಯರೇ, ದೇವರಿಗೆ ಸ್ತೋತ್ರ!”

ಇಲ್ಲಿಂದ ಮುಂದೆ ನಡೆದದ್ದಕ್ಕೆ ತೂನಿಸನನ್ನು ಹೊಣೆ ಮಾಡುವುದು ನ್ಯಾಯವಲ್ಲ. ಬಾಸ್ತಿಯಾನ್ ಹಿರಿಯರು ಮೂವತ್ತು ವರ್ಷ ಮನೆಮನೆಗೆ ಹೋಗಿದ್ದಾರೆ. ಗೊಣಗುವವರನ್ನು ನೋಡಿದ್ದಾರೆ, ನಿದ್ದೆ ಮಾಡುವವರನ್ನು ನೋಡಿದ್ದಾರೆ, ಹಿಂಬಾಗಿಲಿನಿಂದ ಹೊಲಕ್ಕೆ ಓಡಿದವರನ್ನೂ ನೋಡಿದ್ದಾರೆ. ತನ್ನ ವಸ್ತುವನ್ನು ಬೇರೊಬ್ಬರು ಮೇಲೆ ಕೂತು ಒಡೆದಾಗ ಕೈಯೆತ್ತಿ ಸ್ತುತಿಸಿದವನನ್ನು ನೋಡಿದ್ದು ಅದೇ ಮೊದಲು. ಅವರು ಟೋಪಿ ತೆಗೆದರು. ನಮ್ಮ ಹಿರಿಯರು ಒಬ್ಬ ಸಾಮಾನ್ಯ ಮನುಷ್ಯನ ಎದುರು ಟೋಪಿ ತೆಗೆದದ್ದನ್ನು ನಾನೂ ಅದೇ ಮೊದಲ ಸಲ ನೋಡಿದೆ.

“ನಾನು ನಿನಗೆ ಬುದ್ಧಿ ಹೇಳೋಕೆ ಬಂದೆ ತೂನಿಸ್,” ಎಂದರು. “ಹೇಳಿಸಿಕೊಂಡು ಹೋಗ್ತಾ ಇದ್ದೀನಿ.”

“ಇಲ್ಲ ಹಿರಿಯರೇ, ಅದು ಹಾಗಲ್ಲ...”

“ವಿನಯ ಬೇರೆ!” ಎಂದು ಹಿರಿಯರು ನನ್ನ ಕಡೆ ತಿರುಗಿ ಹೇಳಿದರು.

ಭಾನುವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಬೋಧಕರು ಪೀಠದಿಂದ, ಹೆಸರು ಹೇಳದೆ, ‘ನಮ್ಮ ನಡುವೆಯೇ, ಏರಿಯ ಕೆಳಗಿನ ಮನೆಯೊಂದರಲ್ಲಿ, ಕಳೆದುಕೊಂಡಾಗ ಸ್ತುತಿಸಿದ ಒಬ್ಬ ಸಹೋದರ’ ಎಂದರು. ಇಡೀ ಸಭೆ ತೂನಿಸನ ಕತ್ತಿನ ಹಿಂಭಾಗವನ್ನು ನೋಡಿತು. ಅವನ ಕೊನೆಯ ಅಕ್ಷರ ಆವತ್ತು ಎಂದಿಗಿಂತ ಉದ್ದವಾದಾಗ ಯಾರೂ ಚಡಪಡಿಸಲಿಲ್ಲ. ಅದರಲ್ಲೂ ಏನೋ ಇದೆ ಎಂದುಕೊಂಡರು. ಹೊರಗೆ ಬಂದಾಗ ಹಾಲಿನ ಲಾರಿಯ ಮಾಲೀಕನೊಬ್ಬ ಅವನ ಕೈಹಿಡಿದು, “ನೀನು ಮಾಡಿದ್ದು ಕೇಳಿ ನನ್ನ ಫೋನನ್ನ ಕಾಲುವೆಗೆ ಎಸೆದುಬಿಟ್ಟೆ ಕಣಯ್ಯ,” ಎಂದ. ಹಿಂದೆ ನಿಂತಿದ್ದ ಅವನ ಹೆಂಡತಿ, “ನನ್ನ ಫೋನು ಅದು,” ಎಂದಳು.

ತೂನಿಸ್ ಎಲ್ಲರಿಗೂ ನಿಜ ಹೇಳಲು ಬಾಯಿ ತೆರೆಯುತ್ತಿದ್ದ. ಆದರೆ ಅವನು ಮಾತು ಶುರುಮಾಡಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಎದುರಿನವರು ಕಣ್ಣೊರೆಸಿಕೊಂಡು ಹೋಗಿಬಿಡುತ್ತಿದ್ದರು.

ನಾನು ಮಾತ್ರ ಕಿಟಕಿಯಿಂದ ಇನ್ನೊಂದನ್ನು ನೋಡಿದೆ. ಊಟವಾದ ಮೇಲೆ ಅವನು ಎಂದಿನಂತೆ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದ. ನೀಲಿ ಬೆಳಕಿಲ್ಲ. ಒಡೆದ ಕಪ್ಪು ಗಾಜಿನ ಮುಂದೆ, ಕೈ ಮಡಿಲಲ್ಲಿಟ್ಟುಕೊಂಡು, ವಿಡಿಯೊ ಓಡುವಷ್ಟು ಹೊತ್ತು ಕೂತು, ಎದ್ದುಹೋಗುತ್ತಿದ್ದ.

ಹಳೆಯದು ಒಡೆದ ಮಾರನೆಯ ದಿನವೇ ಅವನು ಹೊಸ ಪರದೆ ತರಿಸಲು ಹೇಳಿದ್ದ. ಅದು ಬಂದಾಗ ಅವನು ಕಾಲುವೆಯ ಹತ್ತಿರವಿದ್ದ. ಮನೆಯಲ್ಲಿ ಯಾರಿಲ್ಲದಿದ್ದರೆ ಪೆಟ್ಟಿಗೆ ತರುವವನು ನೆರೆಯವರಿಗೆ ಕೊಟ್ಟು ಹೋಗುವುದು ನಮ್ಮಲ್ಲಿನ ರೂಢಿ. ಎಷ್ಟೋ ನೆರೆಯವರಿದ್ದೂ ಅವನು ಕೊಟ್ಟದ್ದು ಎದುರು ಮನೆಯ ಬಾಸ್ತಿಯಾನ್ ಹಿರಿಯರಿಗೆ.

ಹಿರಿಯರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತೂನಿಸನ ಬಾಗಿಲಿಗೆ ಬಂದರು. ಬೇಲಿಯ ಈಚೆ ನಾನು ಹೂವಿನ ಗಿಡ ಕತ್ತರಿಸುತ್ತಿದ್ದವನು ಕತ್ತರಿ ನಿಲ್ಲಿಸಿದೆ.

“‘ಗಾಜು, ಜೋಪಾನ’ ಅಂತ ಬರೆದಿದೆ. ಏನಪ್ಪಾ ಇದು?”

ಸುಳ್ಳು ಹೇಳಲಾರದ ತೂನಿಸ್, “ಪರದೆ,” ಎಂದ.

ಹಿರಿಯರು ಪೆಟ್ಟಿಗೆಯನ್ನು ಎದೆಗೊತ್ತಿಕೊಂಡರು. “ಒಡೆದವನು ನಾನು. ತರಿಸೋನು ನೀನು! ಜಲಮಂಡಳಿ ಕೆಲಸ ನಿಲ್ಲಬಾರದು ಅಂತ ಒಂದು ಮಾತೂ ಆಡದೆ... ಬೇಡ, ಏನೂ ಹೇಳಬೇಡ. ಶನಿವಾರ ಆ ಮೇಡಂ ಹತ್ತಿರ ಇದನ್ನ ಹೊತ್ತುಕೊಂಡು ಹೋಗೋನು ನಾನೇ. ಅಷ್ಟಾದರೂ ಮಾಡೋಕೆ ಬಿಡು.”

“ಹಿರಿಯರೇ, ಅಲ್ಲಿಗೆ ನೀವು ಬರಬಾರದು.”

“ಯಾಕಪ್ಪಾ?”

ತೂನಿಸ್ ಯೋಚಿಸಿದ. ಯೋಚಿಸಿ ಮುಗಿಸುವಷ್ಟರಲ್ಲಿ ಹಿರಿಯರು ರಸ್ತೆ ದಾಟಿದ್ದರು.

ಶನಿವಾರ ಹಜಾರ ತುಂಬಿತ್ತು. ಹಿಲ್ಲೆ ಕಾಫಿ ಬೀಸುವ ಯಂತ್ರ ಹಿಡಿದು ಸಾಲಿನಲ್ಲಿದ್ದಳು. ಫೋನಿಲ್ಲದ ಹಾಲಿನ ಲಾರಿಯವನ ಹೆಂಡತಿ ಒಂದು ಹಳೆಯ ರೇಡಿಯೊ ತಂದಿದ್ದಳು. ಕಪ್ಪು ಸೂಟಿನ ಬಾಸ್ತಿಯಾನ್ ಹಿರಿಯರು ಒಡೆದ ಲ್ಯಾಪ್‌ಟಾಪಿನ ಮೇಲೆ ಹೊಸ ಪೆಟ್ಟಿಗೆ ಇಟ್ಟು, ಕಾಣಿಕೆ ತಟ್ಟೆ ಹಿಡಿದ ಹಾಗೆ ಹಿಡಿದು ಬಂದಾಗ ಜನ ತಾವಾಗಿ ಎರಡು ಕಡೆ ಸರಿದರು. ಹಿಂದೆ ತೂನಿಸ್, ಗಲ್ಲಿಗೆ ಹೋಗುವವನಂತೆ. ಅವನ ಹಿಂದೆ ನಾನು.

ಫ್ರೌಕ್ಯೆ ತಲೆಯೆತ್ತಿದಳು. ಅವಳು ನಮ್ಮ ಚರ್ಚಿಗೆ ಬರುವವಳಲ್ಲ. ಸ್ತೋತ್ರದ ಕಥೆ ಅವಳ ಕಿವಿಗೆ ಬಿದ್ದಿರಲಿಲ್ಲ.

“ಓಹೋ, ಅಂತೂ ಒಡೀತಾ!” ಎಂದಳು, ಹಿಂದಿನ ಬೆಂಚಿಗೂ ಕೇಳುವ ಮೇಡಂ ದನಿಯಲ್ಲಿ. “ಒಡೆದ್ರೆ ಹಾಕ್ತೀರಾ ಅಂತ ಕೇಳ್ಕೊಂಡು ಹೋದಾಗಲೇ ಅಂದ್ಕೊಂಡೆ. ಆ ವೇಗದ ಪರದೆ ಬೇಕು ಅಂತ ಇಷ್ಟೊಂದು ಆಸೆನಾ ನಿಮಗೆ?”

ಹಜಾರದಲ್ಲಿ ಒಂದು ಗಡಿಯಾರ ರಿಪೇರಿಯಾಗಿ ಹೊಡೆದುಕೊಳ್ಳುತ್ತಿತ್ತು.

ಬಾಸ್ತಿಯಾನ್ ಹಿರಿಯರು ಲ್ಯಾಪ್‌ಟಾಪನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು.

“ತೂನಿಸ್, ನಾನು ಕೂತಾಗ ನೀನು ಸ್ತೋತ್ರ ಅಂದದ್ದು?”

“ಒಡೀತಲ್ಲ ಅಂತ, ಹಿರಿಯರೇ.”

“ಅದನ್ನ ಕುರ್ಚಿ ಮೇಲೆ ಇಟ್ಟಿದ್ದು?”

“ಬೆಕ್ಕಿಗೆ.”

“ಬೆಕ್ಕಿಗಾ?”

“ಬೆಕ್ಕು ಕೆಡವುತ್ತೇನೋ ಅಂತ. ಎರಡು ದಿನ ಕಾದೆ, ಅದು ಹತ್ತಿರ ಬರಲಿಲ್ಲ. ನೀವು ಬಂದ್ರಿ.”

ಹಾಲಿನ ಲಾರಿಯವನ ಹೆಂಡತಿ ರೇಡಿಯೊದ ಹಿಂದೆ ಮುಖ ಮುಚ್ಚಿಕೊಂಡಳು. ಹಿಲ್ಲೆ ಮಾತ್ರ ಮುಂದೆ ನುಗ್ಗಿಬಂದಳು.

“ಥೂ! ಊರೆಲ್ಲ ನಿನ್ನ ಬಗ್ಗೆ ಪ್ರಾರ್ಥನೆ ಮಾಡ್ತಿದೆ, ನೀನು ಬೆಕ್ಕಿನ ಹತ್ತಿರ ಪರದೆ ಒಡೆಸ್ತಾ ಕೂತಿದ್ದೀಯ! ಆ ದಿಂಬು ಹಾಕಿದವಳು ನಾನು. ನನ್ನನ್ನೂ ಪಾಪಕ್ಕೆ ಸೇರಿಸಿದೆಯಲ್ಲೋ! ಏನು ಬೇಕಿತ್ತು ನಿನಗೆ? ಆಟ ಆಡೋಕಾ? ಇಷ್ಟು ವಯಸ್ಸಲ್ಲಿ ಅಂಥದ್ದೇನು ನೋಡಬೇಕಿತ್ತು?”

ತೂನಿಸ್ ತನ್ನ ಬೂಟು ನೋಡಿಕೊಂಡ. ಅವನಿಗೆ ಮಾತು ಶುರುವಾಗಲು ಹೊತ್ತು ಹಿಡಿಯುತ್ತದೆ ಎಂದು ಹೇಳಿದೆನಲ್ಲ. ಆವತ್ತು ಯಾರೂ ಮೊದಲೇ ಹೊರಟುಹೋಗಲಿಲ್ಲ.

“ನಿನ್ನ ತಂಗೀನ,” ಎಂದ. “ಗಿರಣಿ ಹತ್ತಿರ ಅವಳು ತಿರುಗಿ ಏನೋ ಅಂದ್ಲು. ನಾನು ಫೋನು ಹಿಡ್ಕೊಂಡು ನಿಂತಿದ್ದೆ, ಕೇಳಿಸ್ಕೊಳ್ಳಲಿಲ್ಲ. ಇದರಲ್ಲಿ ಪೂರ್ತಿ ಕಾಣ್ಸುತ್ತೆ ಅಂತ.”

ಹಿಲ್ಲೆಯ ಕೈಯಲ್ಲಿದ್ದ ಕಾಫಿ ಯಂತ್ರ ಕೆಳಗಿಳಿಯಿತು. ಬಾಸ್ತಿಯಾನ್ ಹಿರಿಯರು ಟೋಪಿ ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಅದನ್ನು ಮೇಜಿನ ಮೇಲಿಟ್ಟು, ಫ್ರೌಕ್ಯೆಯ ದೀಪವನ್ನು ಎತ್ತಿ ಹಿಡಿದು, “ಕೂತವನು ನಾನು. ಬೆಳಕು ನಾನು ಹಿಡೀತೀನಿ. ಶುರು ಮಾಡಿ ಮೇಡಂ,” ಎಂದರು.

ಫ್ರೌಕ್ಯೆ ಏನೋ ಹೇಳಲು ಹೋಗಿ, ತುಟಿ ಕಚ್ಚಿ, ಕೆಲಸ ಹಿಡಿದಳು. ತೆಳುವಾದ ಪಟ್ಟಿಯೊಂದನ್ನು ಚೌಕಟ್ಟಿನ ಸಂದಿಗೆ ತೂರಿಸಿ ಸುತ್ತ ಬಿಡಿಸಿದಳು. ಒಡೆದ ಪರದೆಯನ್ನು ಮುಂದಕ್ಕೆ ಮಲಗಿಸಿ, ಹಿಂದಿನ ಅಂಟು ಸುಲಿದು, ರಿಬ್ಬನ್ನಿನಂಥ ತಂತಿಯನ್ನು ಉಗುರಿನಿಂದ ಮೆಲ್ಲಗೆ ಕಳಚಿದಳು. ಹೊಸ ಪರದೆಗೆ ಹೊಸ ತಂತಿ ಸೇರಿಸಿ, ಕೂರಿಸಿ, ಒತ್ತಿದಳು. ಒಂದೊಂದು ಒತ್ತಿಗೂ ಟಿಕ್ ಎಂದು ಸದ್ದಾಗುತ್ತಿತ್ತು. ಹಿರಿಯರ ಕೈಯ ದೀಪ ಒಮ್ಮೆಯೂ ಅಲುಗಲಿಲ್ಲ. ಪರದೆ ಬೆಳಗಿತು.

ತೂನಿಸ್ ವಿಡಿಯೊ ಹಾಕಿದ. ಇಡೀ ಹಜಾರ ಅವನ ಹಿಂದೆ ಬಂದು ನಿಂತಿತು. ಕೆಲಸಕ್ಕಲ್ಲದ ಪರದೆಯನ್ನು ನಮ್ಮ ಸಭೆ ಒಟ್ಟಾಗಿ ನೋಡಿದ್ದು ಅದೊಂದೇ ಸಲ ಇರಬೇಕು.

ಬೂದು ಆಕಾಶ. ಗಿರಣಿಯ ರೆಕ್ಕೆ. ದೂರದಲ್ಲಿ ಒಂದು ಚುಕ್ಕೆ, ಅದು ನೇಲ್ಚೆ. ಒಂದಿಷ್ಟು ಜಗ್ಗುತ್ತಾ, ಒಂದಿಷ್ಟು ಹಾರುತ್ತಾ ಹತ್ತಿರ ಬಂದಳು. ತಲೆ ತಿರುಗಿಸಿದಳು. ಗಾಳಿಯ ಸದ್ದು. ಮುಖ ಕಲಸಿತು. ಹೆಬ್ಬೆರಳು.

ತೂನಿಸ್ ಮತ್ತೆ ಹಾಕಿದ. ಅದೇ ಜಗ್ಗು, ಅದೇ ಗಾಳಿ, ಅದೇ ಹೆಬ್ಬೆರಳು. ಇನ್ನೊಮ್ಮೆ ಹಾಕಲು ಹೋದಾಗ ಫ್ರೌಕ್ಯೆ ಅವನ ತೋಳು ಹಿಡಿದಳು.

“ಇದಕ್ಕೆ ಅಂತ ಅವತ್ತೇ ನನಗೆ ಒಂದು ಮಾತು ಹೇಳಬಾರದಿತ್ತಾ ಮಹಾರಾಯ?” ಅವಳ ದನಿಯಲ್ಲಿ ಮೇಡಂ ಇರಲಿಲ್ಲ. “ಚಿತ್ರ ತೆಗೆಯೋದು ಫೋನು. ಅವತ್ತು ಅದು ಸೆಕೆಂಡಿಗೆ ಮೂವತ್ತೇ ತೆಗೆದಿದೆ. ಪರದೆ ಎಷ್ಟು ಬೇಗ ತೋರಿಸಿದ್ರೂ, ತೆಗೀದೇ ಇದ್ದದ್ದು ಎಲ್ಲಿಂದ ಬರುತ್ತೆ?”

ತೂನಿಸ್ ಇದನ್ನು ತನ್ನೊಳಗೆ ಇಳಿಯಲು ಬಿಟ್ಟ.

“ಅಂದ್ರೆ ಹಳೇ ಪರದೆ ಏನನ್ನೂ ಬಿಡ್ತಿರಲಿಲ್ಲವಾ?”

“ಇಲ್ಲ. ಇದ್ದಷ್ಟನ್ನೂ ತೋರಿಸ್ತಿತ್ತು.”

“ನಡುವೆ ಏನೂ ಇರಲಿಲ್ಲವಾ?”

“ಇಲ್ಲ.”

ಯಾರೋ ಮೂಗು ಸೀಟಿದರು. ಹಿಂದೆ ನಿಂತವರಲ್ಲಿ ಒಬ್ಬಳು ಮೆಲ್ಲಗೆ, “ಟೋಪಿ ಹಾಕ್ಕೋ ಅಂದಿರಬೇಕು. ಇವನು ಬರೀ ತಲೇಲಿ ತಿರುಗ್ತಿದ್ದನಲ್ಲ,” ಎಂದಳು. ಇನ್ನೊಬ್ಬರು, “ಸೂಪ್ ಆರಿಹೋಗುತ್ತೆ ಬಾ ಅಂದಿದ್ದಾಳೆ,” ಎಂದರು. ತೂನಿಸ್ ಎಲ್ಲರ ಕಡೆಗೂ ತಿರುಗಿ ಸೌಜನ್ಯದಿಂದ ತಲೆಯಾಡಿಸಿದ. ಇರಬಹುದು ಎಂದಲ್ಲ, ಹೇಳಿದ್ದಕ್ಕೆ ಉಪಕಾರ ಎಂಬಂತೆ. ಆಮೇಲೆ ವಿಡಿಯೊ ಮುಚ್ಚಲು, ಫ್ರೌಕ್ಯೆ ಸಿಕ್ಕಿಸಿಕೊಟ್ಟಿದ್ದ ಮೌಸಿನ ಮೇಲೆ ಕೈಯಿಟ್ಟ.

ವಿಡಿಯೊ ಹೋಯಿತು. ಹಿಂದೆ ಏನೂ ಇಲ್ಲದ ಬಿಳಿ. ಅವನು ಲ್ಯಾಪ್‌ಟಾಪಿನಲ್ಲಿ ಹೂವಿನದೋ ಬೆಟ್ಟದ್ದೋ ಚಿತ್ರ ಇಟ್ಟುಕೊಂಡವನಲ್ಲ. ಆ ಬಿಳಿಯ ಮೇಲೆ ಮೌಸಿನ ಸಣ್ಣ ಕರಿ ಬಾಣ ಒಂದು ಮೂಲೆಯಿಂದ ಈಚೆಗೆ ಬಂತು.

ತೂನಿಸನ ಕೈ ನಿಂತಿತು. ಮತ್ತೆ ಸ್ವಲ್ಪ ಸರಿಸಿದ. ಬಾಣ ಜಗ್ಗಲಿಲ್ಲ, ಹಾರಲಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಸುಮ್ಮನೆ ಜಾರಿಹೋಯಿತು. ಅವನು ಅದನ್ನು ಅಗಲವಾಗಿ ಎಡಕ್ಕೆ ಒಯ್ದ, ಬಲಕ್ಕೆ ತಂದ, ಮತ್ತೆ ಎಡಕ್ಕೆ.

“ಹೀಗೆ,” ಎಂದ ತೂನಿಸ್. “ವಿಡಿಯೊದಲ್ಲಿ ಇದ್ದ ಹಾಗಲ್ಲ. ಅವಳು ಯಾವತ್ತೂ ಜಗ್ಗುತ್ತಿರಲಿಲ್ಲ. ಹೀಗೆ ಹೋಗ್ತಿದ್ಲು.”

ಹಿಲ್ಲೆ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು.

“ತಿರುವಿನಲ್ಲಿ ನೀನು ನೆಟ್ಟಗೆ ತಿರುಗಿಸ್ತಾ ಇದ್ದೀಯ. ಅವಳು ಒಳಗಡೆಗೆ ಒರಗ್ತಿದ್ಲು ಕಣೋ. ನಾನೇ ಕಲಿಸಿದ್ದು, ಮಂಜುಗಡ್ಡೆ ಮೇಲೆ ಅಡುಗೆಮನೆ ಕುರ್ಚಿ ಹಿಡಿಸಿ. ಕೊಡಿಲ್ಲಿ.” ಅವಳು ಅವನ ಕೈಯನ್ನು ಸರಿಸಿ ಮೌಸ್ ಹಿಡಿದಳು. ಬಾಣ ತಿರುವಿಗೆ ಬಂದು, ಒಂದಿಷ್ಟು ಕೆಳಗಿಳಿದು, ಉದ್ದವಾಗಿ ಸುತ್ತಿ ಮೇಲೆದ್ದಿತು. “ನೋಡು. ಹೀಗೆ.” ಎಂದಳು. ಮತ್ತೆ ಸುತ್ತಿಸಿದಳು. ಮತ್ತೆ.

ದೀಪ ಹಿಡಿದೇ ನಿಂತಿದ್ದ ಬಾಸ್ತಿಯಾನ್ ಹಿರಿಯರು ಕೆಮ್ಮಿದರು.

“ಗಿರಣಿ ಹತ್ತಿರ ನಿಧಾನ ಮಾಡ್ತಿದ್ಲು,” ಎಂದರು. “ಅಲ್ಲಿ ಕೆಳಗೆ ನೀರು ಹರಿಯುತ್ತೆ, ಗಡ್ಡೆ ತೆಳು. ನಮ್ಮ ಮನೆ ಕಿಟಕಿಯಿಂದ ಕಾಣ್ತಿತ್ತು.” ಆಮೇಲೆ, ಯಾರೂ ಕೇಳದಿದ್ದರೂ, “ಚೆನ್ನಾಗಿ ಹೋಗ್ತಿದ್ಲು,” ಎಂದು ಸೇರಿಸಿದರು.

ಹಿಲ್ಲೆ ಮೌಸನ್ನು ಅವರ ಕಡೆ ತಳ್ಳಿದಳು. ದೀಪವನ್ನು ನನ್ನ ಕೈಗೆ ಕೊಟ್ಟು ಹಿರಿಯರು ಕುರ್ಚಿಯ ಕಡೆ ತಿರುಗಿದರು. ಕುರ್ಚಿಯ ಮೇಲೆ ಏನಿದೆಯೆಂದು ಎರಡು ಸಲ ನೋಡಿ, ಕೈಯಿಂದ ಸವರಿ, ಕೂತರು. ಅವರ ದೊಡ್ಡ ಅಂಗೈಯಲ್ಲಿ ಮೌಸ್ ಕಾಣಿಸದೇ ಹೋಯಿತು. ಬಾಣ ಹೊರಟಿತು. ಹಿರಿಯರು ತಮ್ಮ ಜೀವಮಾನದಲ್ಲಿ ಅಂಥದ್ದನ್ನು ಮುಟ್ಟಿದವರಲ್ಲ. ಕೈಗೆ ಹದ ಸಿಗಲಿಲ್ಲ. ಬಾಣ ನೇರವಾಗಿ, ಬಲು ಚೆಂದವಾಗಿ, ಬಿಳಿಯ ಉದ್ದಕ್ಕೂ ಜಾರಿ, ಬಲಗಡೆಯ ಅಂಚಿಗೆ ಹೋಗಿ, ಕಾಣಿಸದಾಯಿತು.

ಪರದೆಯ ಮೇಲೆ ಏನೂ ಉಳಿಯಲಿಲ್ಲ.

“ಎಲ್ಲಿ ಹೋದ್ಲು?” ಎಂದರು ಹಿರಿಯರು, ಗಾಬರಿಯಾಗಿ. “ತೂನಿಸ್! ನಾನೇನು ಮಾಡ್ದೆ? ಎಲ್ಲಿ ಹೋದ್ಲು?”

ತೂನಿಸ್ ಬಗ್ಗಿ, ಹಿರಿಯರ ಕೈಯ ಮೇಲೆ ತನ್ನ ಕೈಯಿಟ್ಟ. ಅವನು ಕೀರ್ತನೆಯ ಕೊನೆಯ ಅಕ್ಷರವನ್ನು ಬಿಡುವಷ್ಟೇ ನಿಧಾನವಾಗಿ ಆ ಕೈಯನ್ನು ಎಡಕ್ಕೆ ಎಳೆಯತೊಡಗಿದ. ಅವನನ್ನು ಯಾರೂ ಮೊಣಕೈಯಿಂದ ತಿವಿಯಲಿಲ್ಲ.

“ಅವಸರ ಮಾಡಬೇಡಿ ಹಿರಿಯರೇ,” ಎಂದ. “ತಿರುವು ದಾಟಿದ್ದಾಳೆ, ಅಷ್ಟೇ.”